ಎರಡೆರಡು ಚುಕ್ಕೆ

ಕಳೆದ ವಾರ ಮಗಳಿಗೆ ಇಂಜೆಕ್ಷನ್ ಕೊಡುವ ಮುಂಚೆ ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದರು. ಆ ವಾಸನೆಗೆ ಚಿತ್ರದುರ್ಗದ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯ ನೆನಪಾಯಿತು. ಅದರ ಹಿಂದೆಯೇ ಅಲ್ಲಿ ನನಗೆ ಪಾಠ ಹೇಳಿದ ಮೇಡಂ...

ಹಿರಿಯೂರಿನ ಕಡೆಯ ಒಂದು ಹಳ್ಳದಲ್ಲಿ ಅವರು ಕಲ್ಲು ಮಗುಚಿ ನೀರಲ್ಲಿ ಬೆಳೆಯುವ ಮೇಫ್ಲೈ ಎಂಬ ಕೀಟದ ಮರಿಗಳನ್ನು ಹಿಡಿಯುತ್ತಿದ್ದರು. ಅಕ್ಕಿಕಾಳಿನಷ್ಟು ಹುಳು, ಮೂರು ಬಾಲ. ಬೆನ್ನಿನ ಪ್ರತಿ ಉಂಗುರದಲ್ಲೂ ಎರಡು ಕಪ್ಪು ಚುಕ್ಕೆಯಿದ್ದರೆ ಒಂದು ಜಾತಿ. ಅದು ಕೆಟ್ಟ ನೀರಲ್ಲಿ ಬದುಕದು. ಚುಕ್ಕೆಗಳು ಕೂಡಿ ಗೆರೆಯಾಗಿದ್ದರೆ ಇನ್ನೊಂದು, ಅದು ತಡೆದುಕೊಳ್ಳುತ್ತದೆ.

"ಏನ್ರಿ ಮೇಡಮ್ಮ, ಹುಳಕ್ಕೂ ಜಾತಕ ಬರೀತೀರಾ?" ಎಂದು ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ಕೇಳಿದ್ದಳು.

"ನೀವು ಕುಡಿಯೋ ನೀರಿನ ಜಾತಕ ಕಣಜ್ಜಿ."

ಹಳ್ಳದ ಮೇಲುಗಡೆ ಬಟ್ಟೆಗೆ ಬಣ್ಣ ಹಾಕುವ ಶೆಡ್ಡೊಂದು ಬಂದಿತ್ತು. ನೀರು ಕೆಡುತ್ತಿದೆ, ಅದನ್ನು ಮುಚ್ಚಿಸಿ ಎಂದು ಹಳ್ಳದ ಪಕ್ಕದ ಕೇರಿಯವರು ಅರ್ಜಿ ಕೊಟ್ಟರು. ವಿಚಾರಣೆಗೆ ಮೇಡಂ ವರದಿ, ನಾನು ಹುಳುಗಳ ಚಿತ್ರ ಬರೆಯಬೇಕಿತ್ತು. ಅವರ ಕಟ್ಟಪ್ಪಣೆ ಒಂದೇ: ದಡದಲ್ಲೇ ಕೂತು, ಹುಳು ಜೀವಂತ ಇರುವಾಗಲೇ ಬರೆಯಬೇಕು. ಸ್ಪಿರಿಟ್ಟಿನಲ್ಲಿ ಗುರುತು ಮಾಸುತ್ತದೆ.

ಚಿತ್ರ ಬರೆಯಬೇಕಿದ್ದ ದಿನ ಅವರಿಗೆ ಜ್ವರ. ಒಬ್ಬನೇ ಹೋದ ನಾನು ಬಸ್ಸಿಗೆ ಹೊತ್ತಾಯಿತೆಂದು ಹುಳುಗಳನ್ನು ಸ್ಪಿರಿಟ್ ಸೀಸೆಗೆ ಹಾಕಿಕೊಂಡು ಬಂದೆ. ವಾರ ಬಿಟ್ಟು ತೆಗೆದರೆ ಬೆನ್ನೆಲ್ಲ ಬಿಳಿಚಿತ್ತು. ಹಿಂದಿನ ವರ್ಷದ ಹಾಳೆ ನೋಡಿಕೊಂಡು ಎರಡೆರಡು ಚುಕ್ಕೆ ಇಟ್ಟೆ. ಒಳ್ಳೆಯ ನೀರಿನ ಜಾತಿ ಇನ್ನೂ ಇದೆ ಎಂಬ ವರದಿಗೆ ಮೇಡಂ ನನ್ನನ್ನು ನಂಬಿ ಸಹಿ ಹಾಕಿದರು. ಅರ್ಜಿ ವಜಾ ಆಯಿತು.

ಮುಂದಿನ ತಿಂಗಳು ಅವರೇ ಹೋಗಿ ಕಲ್ಲು ಮಗುಚಿದರು. ಎಲ್ಲ ಗೆರೆಯವೇ.

"ದಡದಲ್ಲಿ ಕುಂತು ಬರದ್ಯೇನಪ್ಪ?" ಎಂದರು. ನಾನು ಸೀಸೆ ತಂದು ಅವರ ಮುಂದಿಟ್ಟೆ. "ಗುರುತು ಕಾಣ್ತಿಲ್ಲ ಅಂತ ಬರದಿದ್ರೆ ಸಾಕಿತ್ತಲ್ಲೋ."

ತಪ್ಪು ತಮ್ಮದೇ ಎಂದು ಅವರು ಮತ್ತೆ ಬರೆದುಕೊಟ್ಟರು. ನನ್ನ ಹೆಸರು ಎತ್ತಲಿಲ್ಲ. ತಿಂಗಳಿಗೊಂದು ಮಾತಾಡುವವರ ವರದಿ ಎಂದು ಕಚೇರಿಯವರು ಅದನ್ನು ಪಕ್ಕಕ್ಕಿಟ್ಟರು. ಆ ಬೇಸಿಗೆಯಲ್ಲಿ ಅಜ್ಜಿಯ ಮೊಮ್ಮಗಳು ವಾಂತಿಭೇದಿಯಾಗಿ ತೀರಿಕೊಂಡಳು. ನೀರಿನಿಂದಲೇ ಎಂದು ಯಾರೂ ಬರೆದುಕೊಡಲಿಲ್ಲ, ಅಲ್ಲವೆಂದೂ ಬರೆಯಲಿಲ್ಲ...

ಮೇಡಂ ಹೋಗಿ ವರ್ಷವಾಯಿತು. ಮೊನ್ನೆ ಭಾನುವಾರ ಹಳ್ಳಕ್ಕೆ ಹೋಗಿದ್ದೆ. ಹದಿನೈದು ಕಲ್ಲು ಮಗುಚಿದೆ. ಗೆರೆಯ ಹುಳುವೂ ಇರಲಿಲ್ಲ. ಅಜ್ಜಿ ಮನೆಯ ಮುಂದೆ ಕೂತಿದ್ದಳು. ಮೇಡಂ ತೀರಿಕೊಂಡ ಸುದ್ದಿ ಹೇಳಿದೆ.

"ಅಯ್ಯೋ, ಪುಣ್ಯಾತ್ಗಿತ್ತಿ. ನಾನೇ ತಪ್ಪು ಬರದೆ ಅಂತ ಇಲ್ಲೇ ಕುಂತು ಅತ್ತಿದ್ರು."

"ಬರೆದೋನು ನಾನಜ್ಜಿ."

ಅಜ್ಜಿ ಕೋಲೂರಿ ಎದ್ದಳು.

"ಅವರು ಇದ್ದಾಗ ಹೇಳ್ಬೇಕಿತ್ತಲ್ಲಪ್ಪ," ಎಂದಳು.