ಕೆಂಪು ಗೆರೆ ಸಿಗದ ಸುದ್ದಿ

ಊರಿನ ಬೇರೆ ಹೆಂಗಸರು ಹೂವು ಮುಡಿಯುವ ಜಾಗದಲ್ಲಿ ನಮ್ಮ ಅಕ್ಕೋರು ಪೆನ್ಸಿಲ್ ಮುಡಿಯುತ್ತಿದ್ದರು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ದಪ್ಪ ಪೆನ್ಸಿಲ್ಲು. ಅದನ್ನು ತುರುಬಿಗೆ ಅಡ್ಡ ಸಿಕ್ಕಿಸಿಕೊಂಡು ಓಡಾಡುತ್ತಿದ್ದುದರಿಂದ ಸಂಜೆಯ ಹೊತ್ತಿಗೆ ಅವರ ಬಲಗಿವಿಯ ಹಿಂದೆ ಕೆಂಪು ಗೀಟುಗಳು ಮೂಡಿರುತ್ತಿದ್ದವು. ಈ ಸಂಗತಿಯನ್ನು ಅವರಿಗೆ ತಿಳಿಸುವ ಧೈರ್ಯ ಯಲ್ಲಾಪುರ ತಾಲೂಕಿನಲ್ಲಿ ಯಾರಿಗೂ ಇರಲಿಲ್ಲ.

ಅವರು ಮಾಗೋಡಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದರು. ನಾನು ಯಲ್ಲಾಪುರದಲ್ಲಿ ಒಂದು ದಿನಪತ್ರಿಕೆಯ ಸುದ್ದಿಗಾರ. ಮೂರು ಗಂಟೆಯ ಹುಬ್ಬಳ್ಳಿ ಬಸ್ಸಿನ ಕಂಡಕ್ಟರನಿಗೆ ಸುದ್ದಿಯ ಕವರು ಕೊಟ್ಟರೆ ಆ ದಿನದ ಮಟ್ಟಿಗೆ ನನ್ನ ರಾಷ್ಟ್ರಸೇವೆ ಮುಗಿಯಿತು.

ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಅಕ್ಕೋರು ಪೇಪರಿನ ಒಂದು ಸುದ್ದಿಯನ್ನು ಕತ್ತರಿಸಿ ಬೋರ್ಡಿಗೆ ಅಂಟಿಸುತ್ತಿದ್ದರು. ಬರೆದವನು ಕಣ್ಣಾರೆ ಕಂಡದ್ದರ ಕೆಳಗೆ ಮಕ್ಕಳು ಕೆಂಪು ಗೆರೆ ಎಳೆಯಬೇಕು. ಇಂಥವರು ಹೇಳಿದರು ಎಂದು ಹೆಸರು ಹಾಕಿದ್ದರೆ ನೀಲಿ. ಎರಡೂ ಇಲ್ಲದ್ದು ‘ಅನಾಥ ವಾಕ್ಯ’. ಟೀವಿಯ ಜಾಹೀರಾತಿಗೂ ಬಿಡುಗಡೆಯಿರಲಿಲ್ಲ. ಎತ್ತರ ಬೆಳೆಸುವ ಪುಡಿಯ ಮಾತು ಬಂದಾಗ, ‘ಒಂದು ವರ್ಷ ಕುಡಿದವನನ್ನು ಕರ್ಕೊಂಡು ಬನ್ನಿ, ಅಳೆದು ನೋಡುವ’ ಎಂದರು. ಮಕ್ಕಳು ಹೋಟೆಲಿನವರ ಮಗನನ್ನು ತಂದು ನಿಲ್ಲಿಸಿದರು. ಅವನು ಬೆಳೆದಿದ್ದ, ಆದರೆ ಅಡ್ಡಕ್ಕೆ. ಭಾನುವಾರ ಸ್ತ್ರೀಶಕ್ತಿ ಸಂಘದ ಹೆಂಗಸರಿಗೂ ಇದೇ ಪಾಠ. ಪರೀಕ್ಷೆಗೆ ಬಾರದ ವಿಷಯವೆಂದು ಹೆಡ್‌ಮಾಸ್ತರರು ಗೊಣಗಿದರೆ, ‘ಅಡ್ಡಿಲ್ಲೆ, ಜೀವನಕ್ಕೆ ಬತ್ತು’ ಎನ್ನುತ್ತಿದ್ದರು.

ಶಾಲೆಗಳಲ್ಲಿ ಬಿಸಿಯೂಟ ಶುರುವಾದ ಹೊಸತು. ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಚಾದಂಗಡಿಯಲ್ಲಿ ಯಾರೋ ಹೇಳಿದರು: ಅಕ್ಕೋರ ಹೈಸ್ಕೂಲಿನ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಸಾರಿಗೆ ಹಲ್ಲಿ ಬಿದ್ದಿದೆಯಂತೆ, ಮೂರು ಮಕ್ಕಳು ವಾಂತಿ ಮಾಡಿಕೊಂಡವಂತೆ. ಮೂರಕ್ಕೆ ಹತ್ತು ನಿಮಿಷ ಬಾಕಿ. ಹಲ್ಲಿಗಾಗಿ ಹುಬ್ಬಳ್ಳಿ ಬಸ್ಸು ಕಾಯುವುದಿಲ್ಲ. ನಿಂತಲ್ಲೇ ಬರೆದು ಕೊಟ್ಟೆ. ಮರುದಿನ ಮೂರು ಕಾಲಂ ಅಗಲಕ್ಕೆ ಬಂತು: ಅಡುಗೆಯವಳ ಬೇಜವಾಬ್ದಾರಿ, ಮಕ್ಕಳು ಅಸ್ವಸ್ಥ. ಆ ಅಡುಗೆಯವಳು ಗಂಡ ತೀರಿಕೊಂಡ ಮೇಲೆ ಎರಡು ಹೆಣ್ಣುಮಕ್ಕಳನ್ನು ಆ ಕೆಲಸದಿಂದಲೇ ಸಾಕುತ್ತಿದ್ದಳು. ಅವಳನ್ನು ತೆಗೆದುಹಾಕಲು ಶಾಲಾ ಸಮಿತಿ ಸೋಮವಾರ ಸಭೆ ಕರೆಯಿತು.

ಶನಿವಾರ ಅಕ್ಕೋರಿಂದ ನನಗೆ ಕರೆ ಬಂತು. ಭಾಷಣಕ್ಕಿರಬೇಕೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಬೋರ್ಡಿನ ಮೇಲೆ ನನ್ನ ಹಲ್ಲಿ ಅಂಟಿಕೊಂಡಿತ್ತು. ಅಕ್ಕೋರು ತುರುಬಿನಿಂದ ಪೆನ್ಸಿಲ್ ಕಿತ್ತು ನನ್ನ ಕೈಗೆ ಕೊಟ್ಟರು.

‘ತಮಾ, ನೀನೇ ಗೆರೆ ಎಳಿ. ನಂಗಂತೂ ಕೆಂಪಿಗೆ ಜಾಗ ಸಿಗ್ತಾ ಇಲ್ಲೆ.’

ಬಹಳ ಹೊತ್ತು ಹುಡುಕಿ, ಕೊನೆಗೆ ಊರಿನ ಹೆಸರಿನ ಕೆಳಗೆ ಪೆನ್ಸಿಲ್ ಇಟ್ಟೆ.

‘ಆ ಊರಿಗೆ ಹೋಗಿದ್ಯ?’

‘ಬಸ್ಸಲ್ಲಿ ಹೋಗಕಾದ್ರೆ ಕಂಡಿದ್ದು,’ ಎಂದೆ.

ಮಕ್ಕಳು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಹಿಂದಿನ ಸಂಜೆಯೇ ಅವರನ್ನೆಲ್ಲ ಅಕ್ಕೋರು ಆ ಶಾಲೆಗೆ ಕರೆದೊಯ್ದಿದ್ದರು. ಮುಂದಿನ ಬೆಂಚಿನ ಹುಡುಗಿ ಎದ್ದು ಪಟ್ಟಿ ನೋಡಿ ಓದಿದಳು: ‘ವಾಂತಿ ಮಾಡ್ಕಂಡಿದ್ದು ಹತ್ತೂವರೆಗೆ ಸರ್. ಬೇಲಿ ಮೇಲಿನ ಕಾಡುಹರಳು ಬೀಜ ತಿಂದಿದ್ರು. ಸಾರಿನ ಪಾತ್ರೆ ಒಲೆ ಮೇಲೆ ಇಟ್ಟಿದ್ದು ಹನ್ನೊಂದರ ಮೇಲೆ.’

‘ಬೀಜ ತಿಂದಿದ್ದಕ್ಕೆ ಸಾಕ್ಷಿ ಯಾರು?’ ಅಕ್ಕೋರು ಅವಳನ್ನೂ ಬಿಡಲಿಲ್ಲ.

‘ತಿಂದ ಮೂರೂ ಮಕ್ಕಳೇ ಹೇಳಿದ್ದು ಅಕ್ಕೋರೆ. ಒಬ್ಬನ ಚಡ್ಡಿ ಕಿಸೆಯಲ್ಲಿ ಇನ್ನೂ ಸಿಪ್ಪೆ ಇತ್ತು.’

‘ಹಲ್ಲಿ?’

‘ಹಲ್ಲಿ ಕಂಡವ್ರು ಯಾರೂ ಸಿಕ್ಕಿಲ್ಲ.’

ತಿದ್ದುಪಡಿ ಕಳಿಸುತ್ತೇನೆಂದು ನಾನು ಗಂಭೀರವಾಗಿ ಘೋಷಿಸಿದೆ.

‘ಅದು ಒಳಗಿನ ಪುಟದಲ್ಲಿ ಇರುವೆ ಅಕ್ಷರದಲ್ಲಿ ಬತ್ತು,’ ಎಂದರು ಅಕ್ಕೋರು. ‘ಅದನ್ನೂ ಕಳ್ಸು. ಸೋಮವಾರ ಸಭೆಗೆ ಬಂದು ಬಾಯಲ್ಲೂ ಹೇಳು.’

ಹೇಳಿದೆ. ‘ನಾನು ನೋಡದೆ ಬರೆದೆ’ ಎಂಬುದು ಇಂದಿಗೂ ನನ್ನ ಅತಿ ಚಿಕ್ಕ ಭಾಷಣ. ಸಮಿತಿಯ ಅಧ್ಯಕ್ಷರಿಗೆ ನಂಬಿಕೆ ಬರಲಿಲ್ಲ. ‘ಪೇಪರಿನ್ಯಾಗ ಬಂದದ್ದು ಸುಳ್ಳು ಹ್ಯಾಂಗ ಆಗ್ತೈತ್ರಿ ಅಕ್ಕೋರ?’

‘ಪೇಪರು ತನ್ನಷ್ಟಕ್ಕೆ ಬರ್ಕೊಳ್ಳೋದಿಲ್ಲ ಅಧ್ಯಕ್ಷರೆ. ಇಂಥವರು ಬರೀತಾರೆ. ಸರಿಯಾಗಿ ನೋಡ್ಕೊಳ್ಳಿ,’ ಎಂದು ಅಕ್ಕೋರು ನನ್ನನ್ನು ತೋರಿಸಿದರು. ಅಧ್ಯಕ್ಷರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಅವರಿಗೆ ಸಂಶಯವೇನೂ ಉಳಿದಂತೆ ಕಾಣಲಿಲ್ಲ. ಅಡುಗೆಯವಳ ಕೆಲಸ ಉಳಿಯಿತು.

ಹೊರಡುವಾಗ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ‘ಊಟ ಮಾಡ್ಕಂಡೇ ಹೋಗಿ ಪೇಪರಿನೋರೆ. ಮೊದ್ಲು ಪಾತ್ರೆ ಒಳಗೆ ಬಗ್ಗಿ ನೋಡ್ಕಳಿ.’ ಬಗ್ಗಿ ನೋಡಿದೆ. ಆಮೇಲೆ ಉಂಡೆ.

ಆದರೂ ಆ ಶಾಲೆಯ ಕೆಲವು ಮಕ್ಕಳು ಮನೆಯಿಂದಲೇ ಡಬ್ಬಿ ತರತೊಡಗಿದರು. ಹಲ್ಲಿಯನ್ನು ಊರಿಗೆ ಬಿಡಲು ನನಗೆ ಹತ್ತು ನಿಮಿಷ ಸಾಕಾಗಿತ್ತು. ಅದನ್ನು ಓಡಿಸಲು ಅಕ್ಕೋರು ತಮ್ಮ ಊಟದ ಬಿಡುವಿನಲ್ಲಿ ಅಲ್ಲಿಗೆ ನಡೆದುಹೋಗಿ, ಮಕ್ಕಳ ಪಂಕ್ತಿಯ ನಡುವೆ ಕೂತು ಅದೇ ಸಾರು ಉಂಡು ಬರುತ್ತಿದ್ದರು. ಕೊನೆಯ ಡಬ್ಬಿ ನಿಲ್ಲುವವರೆಗೂ ತಪ್ಪಿಸಲಿಲ್ಲ. ಯಾರಿಗೂ ಒಂದು ಮಾತಿನ ಉಪದೇಶವನ್ನೂ ಮಾಡಲಿಲ್ಲ.

ನಿವೃತ್ತಿಯಾದ ಎರಡೇ ವರ್ಷಕ್ಕೆ ಅಕ್ಕೋರು ಶಿರಸಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾನು ಅವರ ಮನೆಗೆ ಹೋದಾಗ ಅಡುಗೆಯವಳು ಮೊದಲ ಬಸ್ಸಿಗೇ ಬಂದು ಅಂಗಳದಲ್ಲಿ ಕೂತಿದ್ದಳು. ‘ಬರೆಯೋದಾದ್ರೆ ಇದನ್ನ ಬರೀರಿ,’ ಎಂದಳು. ‘ನನ್ನ ಕೆಲಸ ಉಳಿಸಿದ್ದು ಇವ್ರು.’

ಬರೆದೆ. ಆ ಕೆಲಸಕ್ಕೆ ಸಂಚಕಾರ ತಂದವನು ಯಾರೆಂಬುದನ್ನೂ ಮುಂದಿನ ಸಾಲಿನಲ್ಲಿ ಬರೆದೆ. ನಿಧನವಾರ್ತೆಯಲ್ಲಿ ಸುದ್ದಿಗಾರನ ಪಾಪಕ್ಕೆ ಜಾಗವಿಲ್ಲವೆಂದು ಪತ್ರಿಕೆಯ ಡೆಸ್ಕಿನವರು ಅದನ್ನು ತೆಗೆದುಹಾಕಿದರು. ಆ ಒಂದು ಸಾಲನ್ನೇ ಇಲ್ಲಿ ಇಷ್ಟುದ್ದ ಬರೆದಿದ್ದೇನೆ.