ಓಡಿ ಬಂದು ಗುರಿಯಿಡುವುದು

ನಾರ್ವೆಯಲ್ಲಿ ಮೊದಲ ದಿನ ಬಾಗಿಲು ತೆಗೆದು ಒಂದು ಉಸಿರು ಎಳೆದೆ. ಮೂಗಿನೊಳಗಿನ ಕೂದಲು ಹೆಪ್ಪುಗಟ್ಟಿ ಮುಳ್ಳಿನ ಹಾಗೆ ಚುಚ್ಚಿತು. ಹುಳ ಹೊಕ್ಕಿತೆಂದು ಗಾಬರಿಯಿಂದ ಮೂಗು ಹಿಸುಕಿಕೊಂಡೆ. ಮನೆಯೊಡತಿ ನಗುತ್ತಾ ಬಂದು, ತೀರಿಹೋದ ತಮ್ಮ ಗಂಡನ ಉಣ್ಣೆಯ ಟೊಪ್ಪಿಯನ್ನು ನನ್ನ ಕಿವಿಯವರೆಗೆ ಎಳೆದು ತೊಡಿಸಿದರು. ಅವರ ಹೆಸರು ಇಂಗ್ರಿಡ್. ಅಮ್ಮ ಎಂದು ಸೇರಿಸದೆ ಕರೆಯಲು ನನಗೆ ನಾಲಿಗೆ ಹೊರಳಲಿಲ್ಲ, ಇಂಗ್ರಿಡಮ್ಮ ಎಂದೇ ಕರೆದೆ.

ಹೊಸನಗರದಲ್ಲಿ ಅರಣ್ಯ ಇಲಾಖೆಯ ಕೆಲಸದಲ್ಲಿದ್ದ ನನ್ನನ್ನು ತರಬೇತಿಗೆಂದು ಇಲ್ಲಿನ ಅರಣ್ಯ ಶಾಲೆಗೆ ಕಳಿಸಿದ್ದರು. ಹಿಮ ಬಿದ್ದ ಕಾಡಿನಲ್ಲಿ ಬರಿ ನಡಿಗೆ ಸಾಗದು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಜಾರಬೇಕು. ಸ್ಕೀ ಎಂದು ಬರೆದು ‘ಶೀ’ ಎನ್ನುತ್ತಾರೆ. ಮೊದಲ ವಾರ ಜಾರಿದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಅರವತ್ತು ದಾಟಿದ ಇಂಗ್ರಿಡಮ್ಮನೇ ಅಂಗಡಿಗೆ ಹೋಗುತ್ತಾ ನನ್ನನ್ನು ದಾಟಿ ಹೋಗುತ್ತಿದ್ದರು.

ಒಂದು ದಿನ ಶಾಲೆಯಲ್ಲಿ ಗುರಿ ಹೊಡೆಯಲು ಕೋವಿ ಕೊಟ್ಟರು. ಹುಲಿಕಲ್ ಕಡೆ ಸೋದರಮಾವನ ಜೊತೆ ಗದ್ದೆಗೆ ನುಗ್ಗುವ ಹಂದಿ ಕಾದವನು ನಾನು. ಐದಕ್ಕೆ ಐದೂ ತಾಗಿತು. ತರಬೇತುದಾರ ಆರ್ನೆ ಗುರಿಹಲಗೆಯವರೆಗೆ ಹೋಗಿ ನೋಡಿ ಬಂದರು.

“ಸ್ಪರ್ಧೆಗೆ ನಿಲ್ತೀಯಾ?”

ಸುತ್ತಲಿನ ದೇಶಗಳ ಅರಣ್ಯ ಶಾಲೆಗಳ ನಡುವೆ ಬಯಾಥ್ಲಾನ್ ನಡೆಯುವುದಿತ್ತು. ಹಿಮದಲ್ಲಿ ಜಾರುತ್ತಾ ಓಡಬೇಕು, ನಡುನಡುವೆ ನಿಂತು ಗುಂಡು ಹೊಡೆಯಬೇಕು. ಆಗಿನ ನಿಯಮದಂತೆ, ತಪ್ಪಿದ ಪ್ರತಿ ಗುಂಡಿಗೆ ಓಟದ ಸಮಯಕ್ಕೆ ಎರಡು ನಿಮಿಷ ಸೇರಿಸುತ್ತಿದ್ದರು.

ನಮ್ಮಲ್ಲಿ ಕೋವಿ ಹಿಡಿದವನು ಅಟ್ಟಣೆಯ ಮೇಲೆ ಉಸಿರೂ ಕೇಳದಂತೆ ಕೂರುತ್ತಾನೆ. ಇಲ್ಲಿ ಎದೆ ಡವಗುಟ್ಟುವಾಗಲೇ ಗುರಿಯಿಡಬೇಕು. ಓಡಿ ಬಂದು ಹೊಡೆದ ಮೊದಲ ಸಲ ಐದೂ ತಪ್ಪಿತು.

“ಎದೆ ಸುಮ್ಮನಾಗಲಿ ಅಂತ ಕಾಯಬೇಡ,” ಎಂದರು ಆರ್ನೆ. “ಉಸಿರು ಬಿಟ್ಟ ಮೇಲೆ ಒಂದು ಚೂರು ಬಿಡುವು ಸಿಗ್ತದೆ. ಆವಾಗ ಹೊಡಿ.”

ಆ ಚೂರು ಬಿಡುವನ್ನು ಹುಡುಕುವುದರಲ್ಲೇ ಚಳಿಗಾಲ ಕಳೆಯಿತು. ಹುಡುಕಾಟ ಸುಖವಾಗಿಯೇ ಇತ್ತು. ಅನ್ನವೆಂದರೆ ಇವರಿಗೆ ಹಾಲು ಸಕ್ಕರೆ ಹಾಕಿದ ಗಂಜಿ, ಅದು ನನಗೆ ಸೇರಲಿಲ್ಲ. ಆದರೆ ‘ಬ್ರೂನುಸ್ಟ್’ ಎಂಬ ಕಂದು ಚೀಸನ್ನು ಬಾಯಿಗಿಟ್ಟರೆ ಬೆಲ್ಲದ ಗಿಣ್ಣು ತಿಂದಂತೆ. ಭಾನುವಾರ ಮಾತ್ರ ಕನ್ನಡಕ್ಕೆ ನಾಲಿಗೆ ತುಡಿಯುತ್ತಿತ್ತು. ಆಗ ಕಾಡಿನೊಳಗೆ ಜಾರುತ್ತಾ ಒಬ್ಬನೇ ಜೋರಾಗಿ ಮಾತಾಡಿಕೊಳ್ಳುತ್ತಿದ್ದೆ.

ಸ್ಪರ್ಧೆಯ ದಿನ ಇಳಿಜಾರಿನಲ್ಲಿ ಉರುಳಿಬಿದ್ದೆ. ಕೋವಿಯ ನಳಿಗೆಯ ಬಾಯಿಗೆ ಹಿಮ ಮೆತ್ತಿತ್ತು. ಹಾಗೇ ಹೊಡೆದರೆ ಸಿಡಿಯುವ ಅಪಾಯ. ಕೈಗವಸು ಬಿಚ್ಚಿ ಹಿಮ ತೆಗೆಯುವಷ್ಟರಲ್ಲಿ ಮೂವರು ದಾಟಿಹೋದರು. ಬೆರಳಲ್ಲಿ ಜೀವವಿರಲಿಲ್ಲ. ಉಸಿರು ಬಿಟ್ಟೆ, ಆ ಚೂರು ಬಿಡುವು ಸಿಕ್ಕಿತು, ಹೊಡೆದೆ. ಇಡೀ ಸ್ಪರ್ಧೆಯಲ್ಲಿ ನನ್ನದು ಒಂದೇ ಗುಂಡು ತಪ್ಪಿತು. ಎಲ್ಲರಿಗಿಂತ ನಿಧಾನವಾಗಿ ಓಡಿದರೂ, ಗುರಿ ತಪ್ಪಿದ ಎಂಟು ಜನ ನನ್ನ ಹಿಂದೆ ಉಳಿದರು. ಬೇಲಿಯಾಚೆ ಇಂಗ್ರಿಡಮ್ಮ ಪಕ್ಕದವರಿಗೆ “ವೋರ್ ಗುಟ್” ಎನ್ನುತ್ತಿದ್ದರು. ‘ನಮ್ಮ ಹುಡುಗ’ ಎಂದರ್ಥ. ನನ್ನ ಕಣ್ಣು ತುಂಬಿಬಂತು.

ಆ ವಾರವೇ ಅಕ್ಕನ ಕಾಗದ ಬಂತು. ಹೊಸದಾಗಿ ಕಟ್ಟುತ್ತಿದ್ದ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಮ್ಮೂರನ್ನು ಮುಳುಗಿಸುತ್ತದೆಂದು, ಮನೆಯವರು ಹಳೆಯ ಮನೆ ಬಿಚ್ಚಿ ಸಾಗರ ಪೇಟೆಯ ಹತ್ತಿರ ಕಟ್ಟಿಕೊಂಡಿದ್ದರು. “ಹೆಂಚು, ಬಾಗಿಲು ಎಲ್ಲಾ ತಂದೀವಿ. ಚೆನ್ನಾಗಿದೀವಿ ಕಣೋ. ನೀ ಬಂದಾಗ ಬಸ್ ಸ್ಟ್ಯಾಂಡಲ್ಲಿ ಕೇಳು, ದಾರಿ ಹೇಳ್ತಾರೆ,” ಎಂದು ಬರೆದಿದ್ದಳು.

ತರಬೇತಿ ಮುಗಿದ ಕೂಡಲೇ ಬರುತ್ತೇನೆಂದು ಉತ್ತರ ಬರೆದೆ. ಲಕೋಟೆಯ ಮೇಲೆ ನಮ್ಮ ಮನೆಯ ವಿಳಾಸ ಬರೆಯಲು ಅವಳ ಕಾಗದವನ್ನು ಮತ್ತೆ ಬಿಡಿಸಿ ನೋಡಬೇಕಾಯಿತು. ಹಿಂಬದಿಯಲ್ಲಿ, ಕಳಿಸಿದವರ ಜಾಗದಲ್ಲಿ, ಇಂಗ್ರಿಡಮ್ಮನ ಮನೆಯ ವಿಳಾಸವನ್ನು ನೋಡದೆಯೇ ಬರೆದೆ.