ಹೆಲ್ಸಿಂಕಿಗೆ ಮುನ್ನ ಮೋಲಿಯ ಅಡುಗೆಮನೆ

ಮಲೇಷ್ಯಾದ ಕ್ಲಾಂಗ್ ಬಂದರಿನ ಕ್ರೇನುಗಳ ದೀಪ ಇನ್ನೂ ಆರಿಲ್ಲ. ಎಂಟನೇ ಮಹಡಿಯ ಪುಟ್ಟ ಫ್ಲ್ಯಾಟಿನ ಅಡುಗೆಮನೆಯಲ್ಲಿ ಮೋಲಿ ಮೊಂತೇರೊ ಆಗಲೇ ಲಟ್ಟಣಿಗೆ ಹಿಡಿದಿದ್ದಾರೆ. ರೈ ಎಂಬ ಧಾನ್ಯದ ಕಂದುಬಣ್ಣದ ಹಿಟ್ಟನ್ನು ಹಪ್ಪಳದಷ್ಟು ತೆಳ್ಳಗೆ ಲಟ್ಟಿಸಿ, ನಡುವೆ ಹಾಲಿನಲ್ಲಿ ಬೆಂದ ಅನ್ನದ ಗಂಜಿ ಹರಡಿ, ಅಂಚನ್ನು ಬೆರಳಿನಿಂದ ಚಿವುಟಿ ನೆರಿಗೆ ಹಿಡಿಯುತ್ತಾರೆ. ನಮ್ಮ ಕಡುಬಿನ ದೂರದ ನೆಂಟನಂತೆ ಕಾಣುವ ಇದು ಫಿನ್‌ಲ್ಯಾಂಡಿನ ಮನೆಮನೆಯ ತಿಂಡಿ. ಅಲ್ಲಿ ಇದಕ್ಕೆ ಪೀರಕ್ಕ ಎನ್ನುತ್ತಾರೆ.

ಇವತ್ತು ಕ್ವಾಲಾಲಂಪುರದ ಮಾಂಟ್ ಕಿಯಾರಾ ಬಡಾವಣೆಯಿಂದ ಕನ್ನಡಿಗರು ಬರುತ್ತಾರೆ. ಮುಂದಿನ ವಾರ ಮೋಲಿಯ ಜೊತೆ ಹೆಲ್ಸಿಂಕಿ ನೋಡಲು ಹೊರಟವರು. "ಅಲ್ಲಿ ಹೋಗಿ ಹೆದರುದು ಬೇಡ, ಇಲ್ಲೇ ಒಮ್ಮೆ ತಿಂದು ಹೆದರಿ ಮುಗಿಸಿ ಅಂತ ಹೇಳುದು ನಾನು," ಎಂದು ಮೋಲಿ ನಗುತ್ತಾರೆ.

ಕ್ವಾಲಾಲಂಪುರದ ಸಣ್ಣದೊಂದು ಪ್ರವಾಸ ಕಚೇರಿಯಲ್ಲಿ ಮೋಲಿ ಟೂರ್ ಮ್ಯಾನೇಜರ್. ಜಾಹೀರಾತಿನಲ್ಲಿ ಹೆಲ್ಸಿಂಕಿಯ ಬಿಳಿ ಕೆಥೆಡ್ರಲ್ ಇರುತ್ತದೆ, ಬಂಡೆ ಕೊರೆದು ಕಟ್ಟಿದ ಚರ್ಚ್ ಇರುತ್ತದೆ, ಮೋಲಿಯ ಹೆಸರಿರುವುದಿಲ್ಲ. ಟ್ರಾಮ್ ಹತ್ತುವಾಗ ತಲೆ ಎಣಿಸುವುದು, ಮಂಡಿನೋವಿನವರಿಗೆ ಮೆಟ್ಟಿಲಿಲ್ಲದ ದಾರಿ ಹುಡುಕುವುದು, ಅಣಬೆ ಸೂಪಿಗೆ ಮೀನಿನ ರಸ ಹಾಕಿದ್ದೀರಾ ಎಂದು ಮಾರುಕಟ್ಟೆಯ ಅಂಗಡಿ ಅಂಗಡಿಯಲ್ಲಿ ಕೇಳುವುದು, ಎಲ್ಲವೂ ಇವರದೇ ಕೆಲಸ.

ಮಂಗಳೂರಿನ ಬೋಳಾರದ ಮೋಲಿ ಮದುವೆಯಾಗಿ ಗಂಡ ಆಲನ್ ಜೊತೆ ಮಲೇಷ್ಯಾಕ್ಕೆ ಬಂದವರು. ಬಂದರಿನ ಸರಕು ಕಂಪನಿಯೊಂದರಲ್ಲಿ ಗುಮಾಸ್ತೆಯಾಗಿದ್ದರು. ಐವತ್ತರ ಹೊಸ್ತಿಲಲ್ಲಿ ಕಂಪನಿ ಬಾಗಿಲು ಹಾಕಿತು. "ಆಲನ್‌ಗೆ ಆಗಷ್ಟೇ ಬೆನ್ನಿನ ಆಪರೇಷನ್ ಆಗಿತ್ತು. ಟೂರ್ ಆಫೀಸಿನವರು, ಏಜ್ ಆದವರನ್ನ ನೋಡಿಕೊಳ್ತೀರಾ ಕೇಳಿದ್ರು. ಮನೆಯಲ್ಲಿ ಮಾಡುದೂ ಅದೇ ಅಲ್ವಾ ಅಂತ ಒಪ್ಪಿದೆ."

ಕಚೇರಿಯ ನಿಯಮದಂತೆ ಹೆಲ್ಸಿಂಕಿಯಲ್ಲಿ ಎರಡು ಹೊತ್ತೂ ಊಟ ಒಂದೇ ಇಂಡಿಯನ್ ಹೋಟೆಲಿನಲ್ಲಿ. ಅದೇ ದಾಲ್, ಅದೇ ಪನೀರ್. ಮೋಲಿಗೆ ಅದು ಸರಿ ಕಾಣಲಿಲ್ಲ. "ಅಷ್ಟು ದೂರ ಹೋಗಿ ಆ ಊರಿನ ಪರಿಮಳವೇ ಗೊತ್ತಾಗದೆ ವಾಪಸ್ ಬರುದಾ?" ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಹೋಟೆಲು ಬಿಟ್ಟು, ತಮ್ಮ ಗುಂಪನ್ನು ಸಮುದ್ರದಂಚಿನ ಹಳೇ ಮಾರುಕಟ್ಟೆಗೆ ಕರೆದುಕೊಂಡು ಹೋದರು. ಮೈಕ್ ಹಿಡಿದು ಒಂದೊಂದು ತಿಂಡಿಯ ಬಗ್ಗೆಯೂ ಇಂಗ್ಲಿಷಿನಲ್ಲಿ ವಿವರಿಸಿದರು. ಜನ ಮುಖ ಮುಖ ನೋಡಿಕೊಂಡರು. ಮೈಸೂರಿನ ಚಂದ್ರಮ್ಮನವರಂತೂ ತಟ್ಟೆ ಮುಟ್ಟದೆ, ಚೀಲದಲ್ಲಿದ್ದ ಒಂದು ಹಿಡಿ ಕಡಲೆಪುರಿ ತಿಂದು ಕುಳಿತರು. ಸಂಜೆ ಟ್ರಾಮ್ ನಿಲ್ದಾಣದಲ್ಲಿ ಅವರಿಗೆ ತಲೆಸುತ್ತು ಬಂತು.

ಮಗ ಗಂಗಾಧರ ಎಲ್ಲರೆದುರೇ ರೇಗಿದರು. "ನಮ್ಮಮ್ಮನ್ನ ಉಪವಾಸ ಕೆಡವೋಕೆ ಕರ್ಕೊಂಡ್ ಬಂದ್ರಾ? ಇಂಡಿಯನ್ ಲಂಚ್ ಅಂತ ಹೇಳಿ ಇದ್ಯಾವ ನ್ಯಾಯ ರೀ?"

ವಿಮಾನ ಇಳಿಯುವ ಮೊದಲೇ ದೂರು ಕಚೇರಿ ಮುಟ್ಟಿತ್ತು. ಆ ಬೇಸಿಗೆ ಮೋಲಿಗೆ ಮತ್ತೆ ಟೂರ್ ಸಿಗಲಿಲ್ಲ. "ಅತ್ತಿದ್ದೇನೆ, ಸುಳ್ಳು ಯಾಕೆ ಹೇಳ್ಬೇಕು? ಕೆಲಸಕ್ಕಲ್ಲ. ಆ ಅಮ್ಮ ಹಸಿದುಕೊಂಡು ಕೂತದ್ದು ಕಣ್ಣಿಂದ ಹೋಗ್ಲಿಲ್ಲ."

ಮನೆಯಲ್ಲಿ ಕೂತ ಮೋಲಿ ಪೀರಕ್ಕ ಮಾಡಲು ಕಲಿತರು. ಮೊದಮೊದಲು ಎಲ್ಲವೂ ಒಲೆಯಲ್ಲೇ ಬಾಯಿ ಬಿಟ್ಟವು. "ಒಡೆದದ್ದನ್ನೆಲ್ಲ ತಿಂದದ್ದು ಆಲನ್, ಪಾಪ." ಕೈಗೆ ಹದ ಸಿಕ್ಕ ಮೇಲೆ, ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಡಬ್ಬಿ ಹಿಡಿದು, ಮಾಂಟ್ ಕಿಯಾರಾದಲ್ಲಿ ಚಂದ್ರಮ್ಮ ಇದ್ದ ಮಗನ ಮನೆಗೆ ಹೋದರು. ಬಾಗಿಲು ತೆರೆದದ್ದು ಗಂಗಾಧರ. ಒಳಗಿನಿಂದ ಚಂದ್ರಮ್ಮನೇ ಕರೆದರು. "ಬಾಮ್ಮ, ಹೊರಗೇ ಯಾಕ್ ನಿಂತೆ?"

"ಇದು ಪೀರಕ್ಕ, ಅಮ್ಮ. ಅವತ್ತು ನೀವು ತಿನ್ನದೆ ಬಿಟ್ಟದ್ದು."

"ಪೀರಕ್ಕನಾ? ಅದ್ಯಾರಮ್ಮ ಅವಳು?" ಎಂದ ಚಂದ್ರಮ್ಮ ಚೂರು ಮುರಿದು ಬಾಯಿಗಿಟ್ಟರು. ಮತ್ತೊಂದು ಚೂರು ಮುರಿದರು. "ಒಳಗೇನು, ಹಾಲಲ್ಲಿ ಬೇಯ್ಸಿದ ಅನ್ನ ಅಲ್ವೇ? ಅಯ್ಯೋ, ಇದನ್ನ ಅವತ್ತೇ ಹೇಳ್ಬಾರದಿತ್ತಾ?"

"ಹೇಳಿದ್ದೆ ಅಮ್ಮ. ಇಂಗ್ಲಿಷಲ್ಲಿ ಹೇಳಿದ್ದೆ."

ಚಂದ್ರಮ್ಮ ಮೋಲಿಯ ಕೈ ಹಿಡಿದು ಜೋರಾಗಿ ನಕ್ಕರು.

ಕನ್ನಡ ಬರದೆ ಇಂಗ್ಲಿಷ್ ಆಡಿದ್ದಲ್ಲ. ಮೋಲಿಯ ಮನೆಮಾತು ಕೊಂಕಣಿ, ಕನ್ನಡ ಮಂಗಳೂರಿನದು. "ಬೆಂಗಳೂರು, ಮೈಸೂರಿನವರು ನಗ್ತಾರೆ ಅಂತ ನಾಚಿಕೆ ಇತ್ತು. ಈಗ ನಗ್ಲಿ ಅಂತ ಬಿಟ್ಟಿದ್ದೇನೆ."

ಗಂಗಾಧರ ಅಂದೇ ಕಚೇರಿಗೆ ಫೋನ್ ಮಾಡಿ ದೂರು ಹಿಂತೆಗೆದುಕೊಂಡರು. ಮರುವರ್ಷ ಅಮ್ಮನನ್ನು ಮತ್ತೆ ಕಳಿಸಲು ಒಪ್ಪಿದರು, ಮೋಲಿಯೇ ಜೊತೆಗಿರಬೇಕೆಂಬ ಷರತ್ತಿನ ಮೇಲೆ. ಸಮುದ್ರದ ನಡುವಿನ ಹಳೇ ಕೋಟೆಗೆ ದೋಣಿಯಲ್ಲಿ ಹೋದ ದಿನ ಚಂದ್ರಮ್ಮನವರ ತಟ್ಟೆಗೆ ಬೆಣ್ಣೆ ಸವರಿದ ಎಳೆ ಆಲೂಗಡ್ಡೆ ಬಂತು. ಮೇಲೆ ಉದುರಿಸಿದ ಸೊಪ್ಪನ್ನು ಮೂಸಿ ನೋಡಿ ಅವರು ಕೂಗಿಯೇಬಿಟ್ಟರು. "ಸಬ್ಬಸಿಗೆ ಸೊಪ್ಪು ಕಣ್ರೇ! ನಮ್ಗಿಂತ ಮೊದ್ಲೇ ಬಂದು ಕೂತಿದೆ!"

ಈಗ ದಿನಕ್ಕೊಂದು ಹೊತ್ತು ಹೆಲ್ಸಿಂಕಿಯದೇ ಊಟ ಎಂದು ಕಚೇರಿಯೇ ನಿಯಮ ಬದಲಿಸಿಕೊಂಡಿದೆ. ಹೊರಡುವ ಮುಂಚೆ ಮೋಲಿಯ ಮನೆಯಲ್ಲಿ ಹೀಗೊಂದು ಬೆಳಗಿನ ಕೂಟ ನಡೆಯುತ್ತದೆ.

ಬಾಗಿಲ ಗಂಟೆ ಸದ್ದು ಮಾಡುತ್ತದೆ. ಮೊದಲು ಬಂದ ಅನಂತಕೃಷ್ಣ ಎಂಬ ಹಿರಿಯರು ತಟ್ಟೆಯನ್ನು ಅನುಮಾನದಿಂದಲೇ ನೋಡುತ್ತಾರೆ. "ಮೊಟ್ಟೆ ಗಿಟ್ಟೆ ಇದ್ಯೇನಮ್ಮ?"

"ನಿಮ್ಮದಕ್ಕೆ ಬರೀ ಬೆಣ್ಣೆ ಸರ್. ಅಲ್ಲಿಯವರು ಮೇಲೆ ಹಚ್ಚುವ ಮೊಟ್ಟೆ ಕಲಸಿದ ಬೆಣ್ಣೆ ಬೇರೆ ಬಟ್ಟಲಲ್ಲಿ ಉಂಟು, ಚಮಚವೂ ಬೇರೆ."

ಒಂದು ತಿಂದರು, ಇನ್ನೊಂದನ್ನೂ ತಿಂದರು. ಹೊರಡುವ ಹೊತ್ತಿಗೆ ಮಲೇಷ್ಯಾದ ಮಾತು ಬೆರೆಸಿ ಸಂಕೋಚದಿಂದ ಕೇಳುತ್ತಾರೆ, "ಮನೆಗೆರಡು ತಪಾವ್ ಮಾಡ್ಕೊಡ್ತೀರಾ?"

"ಮಾಡುವ ಲಾ, ಅದಕ್ಕೆಂಥದು!" ಮೋಲಿಯೂ ಇಲ್ಲಿಯವರಂತೆ ‘ಲಾ’ ಸೇರಿಸಿ, ಬಾಳೆಎಲೆಯಲ್ಲಿ ಪೊಟ್ಟಣ ಕಟ್ಟಿಕೊಡುತ್ತಾರೆ.

ಎಲ್ಲರೂ ಹೋದ ಮೇಲೆ ಹಿಟ್ಟಿನ ಕೈ ತೊಳೆದು ಆಲನ್ ಪಕ್ಕ ಕೂರುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ ಆಲನ್ ಕಡೆ ತಿರುಗಿ ನಗುತ್ತಾರೆ. "ನಾನು ಅಲ್ಲಿಗೆ ಹೋಗುದೆಲ್ಲ ಬೇಸಿಗೆಯಲ್ಲಿ. ಚಳಿಗಾಲದಲ್ಲಿ ಸಮುದ್ರವೇ ಹೆಪ್ಪುಗಟ್ಟುತ್ತಂತೆ ಮಾರಾಯ್ರೆ! ಒಮ್ಮೆ ನಾವಿಬ್ಬರೇ ಹೋಗಿ ಅದರ ಮೇಲೆ ನಾಲ್ಕು ಹೆಜ್ಜೆ ನಡೀಬೇಕು. ಜಾರಿ ಬಿದ್ರೂ ಅಡ್ಡಿಲ್ಲ."